ಕೆಂಪು ಅಂದ್ರೆ ಕೋಪ ಅಷ್ಟೇನಾ? ಚಿತ್ರದಲ್ಲಿ, ಕತೆಯಲ್ಲಿ ಬಣ್ಣದ ಭಾವ ಹಿಡಿಯುವುದು ಹೇಗೆ

ಕತೆ ಬರೆಯುವವರು, ಚಿತ್ರ ಬಿಡಿಸುವವರು, ಪರೀಕ್ಷೆಗೆ ವಿಮರ್ಶೆ ಬರೆಯಬೇಕಾದ ವಿದ್ಯಾರ್ಥಿಗಳು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇದನ್ನೇ: ಯಾವ ಬಣ್ಣಕ್ಕೆ ಯಾವ ಭಾವ? ಒಂದು ಪಟ್ಟಿ ಕೊಟ್ಟುಬಿಡಿ ಸಾಕು ಅಂತಾರೆ. ಪಟ್ಟಿಗಳಿಗೇನು ಬರವಿಲ್ಲ. ಕೆಂಪು ಅಂದ್ರೆ ಕೋಪ, ಇಲ್ಲದಿದ್ದರೆ ಪ್ರೀತಿ. ನೀಲಿ ಅಂದ್ರೆ ದುಃಖ, ಇಲ್ಲದಿದ್ದರೆ ನೆಮ್ಮದಿ. ಒಂದೇ ಬಣ್ಣದ ಮುಂದೆ ಹೀಗೆ ಎದುರುಬದುರು ಭಾವಗಳನ್ನು ಬರೆದಿಟ್ಟ ಪಟ್ಟಿಯಿಂದ ಏನು ಉಪಯೋಗ ಹೇಳಿ.

ಹಳೆಯ ಪಟ್ಟಿಯೂ ಒಂದಿದೆ. ನಾಟ್ಯಶಾಸ್ತ್ರ ಒಂದೊಂದು ರಸಕ್ಕೆ ಒಂದೊಂದು ಬಣ್ಣ ಹೇಳುತ್ತದೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಕೋಪಕ್ಕೆ ಕೆಂಪು, ಭಯಕ್ಕೆ ಕಪ್ಪು, ಇವು ನಮಗೂ ಸರಿ ಅನಿಸುತ್ತವೆ. ಆದರೆ ನೀಲಿ ಅಸಹ್ಯಕ್ಕೆ? ಪ್ರೇಮಕ್ಕೆ ಕೆಂಪು ಬಿಟ್ಟು ಶ್ಯಾಮ? ಆ ಪಟ್ಟಿ ರಂಗದ ಒಪ್ಪಂದ. ಆಡುವವರಿಗೂ ನೋಡುವವರಿಗೂ ಗೊತ್ತಿದ್ದರೆ ಕೆಲಸ ಮಾಡುತ್ತದೆ. ಅದನ್ನು ಕಿತ್ತು ತಂದು ನಿಮ್ಮ ಕತೆಗೆ ಅಂಟಿಸಿದರೆ ಯಾರಿಗೂ ಏನೂ ತಲುಪುವುದಿಲ್ಲ.

ಬಣ್ಣದ ಪಕ್ಕ ಏನಿದೆ, ಅದು ಎಷ್ಟು ಜಾಗ ತಿಂದಿದೆ, ಎಷ್ಟನೇ ಸಲ ಬರುತ್ತಿದೆ, ಯಾರ ಕಣ್ಣಿಗೆ ಬೀಳುತ್ತಿದೆ, ಭಾವ ಹುಟ್ಟುವುದು ಇವುಗಳಿಂದ. ಇದನ್ನು ಹಿಡಿಯುವ ದಾರಿ ಕೆಳಗಿದೆ. ಮೊದಲ ಐದು ಹಂತ ನೋಡುವವರಿಗೆ, ಓದುವವರಿಗೆ. ಉಳಿದವು ಮಾಡುವವರಿಗೆ.

ಏನೇನು ಬೇಕು?

ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಒಂದು ಫೋನ್, ನಿಮಗೆ ಇಷ್ಟವಾದ ಒಂದು ಚಿತ್ರ, ಒಂದು ಸಣ್ಣ ಕತೆ. ಚಿತ್ರ ಬಿಡಿಸುವವರಾದರೆ ಬಣ್ಣದ ಕಾಗದದ ತುಂಡುಗಳನ್ನೂ ಇಟ್ಟುಕೊಳ್ಳಿ.

ನಾಲ್ಕು ಮಾತುಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ವರ್ಣ ಅಂದರೆ ಬಣ್ಣದ ಹೆಸರು: ಕೆಂಪು, ಹಸಿರು, ಹೀಗೆ. ತಿಳಿ-ಗಾಢ ಅಂದರೆ ಅದು ಬಿಳಿಗೆ ಹತ್ತಿರವೋ ಕಪ್ಪಿಗೆ ಹತ್ತಿರವೋ ಅನ್ನುವುದು. ತೀವ್ರತೆ ಅಂದರೆ ಬಣ್ಣ ಕಣ್ಣಿಗೆ ಹೊಡೆಯುವಂತಿದೆಯೋ, ಬೂದು ಬೆರೆತು ಮಂಕಾಗಿದೆಯೋ ಅನ್ನುವುದು. ಪ್ರತೀಕ ಅಂದರೆ ತಾನು ತಾನಾಗಿದ್ದುಕೊಂಡೇ ಇನ್ನೇನನ್ನೋ ಹೊತ್ತು ತರುವ ವಸ್ತು. ಟ್ರಾಫಿಕ್ ಸಿಗ್ನಲ್‌ನ ಕೆಂಪು ದೀಪ ಪ್ರತೀಕ ಅಲ್ಲ, ಬರೀ ಗುರುತು. ಅದಕ್ಕೆ ಒಂದೇ ಅರ್ಥ, ನಿಲ್ಲು ಅಂತ. ಪ್ರತೀಕಕ್ಕೆ ಅಷ್ಟು ಸುಲಭದ ಉತ್ತರ ಇರುವುದಿಲ್ಲ.

1. ಅರ್ಥ ಆಮೇಲೆ, ಮೊದಲು ಕಂಡದ್ದನ್ನು ಬರೆಯಿರಿ

ಚಿತ್ರದ ಮುಂದೆ ಕೂತು ಐದು ನಿಮಿಷ ಬರೀ ಕಂಡದ್ದನ್ನು ಪಟ್ಟಿ ಮಾಡಿ. ದುಃಖ, ಒಂಟಿತನ, ಆಸೆ ಇಂಥ ಪದಗಳು ಸದ್ಯಕ್ಕೆ ಬೇಡ. ಯಾವ ಬಣ್ಣ ಎಲ್ಲಿದೆ, ಎಷ್ಟಿದೆ, ಯಾವುದು ಒಂದೇ ಕಡೆ ಇದೆ, ಅಷ್ಟೇ.

ಪಿಕಾಸೊ 1903ರ ಕೊನೆ, 1904ರ ಶುರುವಿನಲ್ಲಿ ಬಿಡಿಸಿದ ಮುದುಕ ಗಿಟಾರ್ ವಾದಕನ ಚಿತ್ರ ತೆಗೆದುಕೊಳ್ಳಿ. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ, ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದು ಆತ 1901ರಿಂದ 1904ರವರೆಗೆ ಹೆಚ್ಚುಕಮ್ಮಿ ನೀಲಿಯಲ್ಲೇ ಕೆಲಸ ಮಾಡುತ್ತಿದ್ದ ಕಾಲ. ಗೆಳೆಯನೊಬ್ಬನ ಆತ್ಮಹತ್ಯೆಯ ನಂತರ ಶುರುವಾದದ್ದು ಅದು. ಹಾಗಾಗಿ ಎಲ್ಲರೂ ನೀಲಿ ಅಂದರೆ ದುಃಖ ಅಂದು ಮುಂದೆ ಹೋಗುತ್ತಾರೆ. ನೀವು ಹೋಗಬೇಡಿ. ಪಟ್ಟಿ ಮಾಡಿ. ಮುದುಕನ ಮೈ ನೀಲಿ, ಬಟ್ಟೆ ನೀಲಿ, ಹಿಂದಿನ ಗೋಡೆ ನೀಲಿ. ಗಿಟಾರ್ ಮಾತ್ರ ಕಂದು. ತಲೆ ಬಾಗಿದೆ, ಕಣ್ಣು ಮುಚ್ಚಿದೆ, ಎಲುಬು ಎದ್ದು ಕಾಣುವ ಬೆರಳುಗಳು ಆ ಕಂದಿನ ಮೇಲೆ ಬಿದ್ದಿವೆ.

ಈಗ ಪ್ರಶ್ನೆ ತಾನಾಗಿಯೇ ಏಳುತ್ತದೆ, ಅಲ್ವಾ? ಇಡೀ ಚಿತ್ರದಲ್ಲಿ ಬಿಸುಪು ಇರುವ ಬಣ್ಣ ಅದೊಂದೇ ಯಾಕೆ? ಮುದುಕನ ಸಂಕಟ ನೀಲಿಯಲ್ಲಿದೆ ಅನ್ನುವುದಕ್ಕಿಂತ, ಅವನಿಗೆ ಉಳಿದಿರುವ ಒಂದೇ ಆಸರೆ ಬೇರೆ ಬಣ್ಣದಲ್ಲಿದೆ ಅನ್ನುವುದು ನನಗೆ ಜಾಸ್ತಿ ತಟ್ಟುತ್ತದೆ. ನಿಮಗೆ ಬೇರೆ ಅನಿಸಬಹುದು. ಆದರೆ ಆ ಕಂದನ್ನು ನೋಡದೆ ಹೇಳಿದ ಮಾತು ಈ ಚಿತ್ರದ ಬಗ್ಗೆ ಹೇಳಿದ ಮಾತಾಗುವುದಿಲ್ಲ.

ಎಚ್ಚರ: ಕಲಾವಿದನ ಬದುಕಿನ ಕತೆಯನ್ನು ಮೊದಲು ಓದಬೇಡಿ. ಓದಿದರೆ ಕಣ್ಣು ಅದನ್ನೇ ಹುಡುಕುತ್ತದೆ.

2. ಬಣ್ಣ ತೆಗೆದು ನೋಡಿ

ಚಿತ್ರದ ಫೋಟೊ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ. ಭಾವ ಹಾಗೇ ಉಳಿಯಿತಾ? ಉಳಿದರೆ ಅದನ್ನು ಹೊತ್ತಿದ್ದು ವರ್ಣ ಅಲ್ಲ, ತಿಳಿ-ಗಾಢ. ಸೋರಿಹೋಯಿತಾ? ಹಾಗಾದರೆ ವರ್ಣವೇ ಕೆಲಸ ಮಾಡುತ್ತಿತ್ತು.

ಇದು ತುಂಬಾ ಜನ ಬಿಟ್ಟುಬಿಡುವ ಹಂತ. ಕೆಂಪು ಕೆಂಪು ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಕಣ್ಣಿಗೆ ರಾಚುವ ಕೆಂಪು, ಬಿಸಿಲಿಗೆ ಬಿಳಿಚಿದ ಕೆಂಪು, ಕಪ್ಪಿಗೆ ತಿರುಗಿದ ಗಾಢ ಕೆಂಪು, ಈ ಮೂರಕ್ಕೂ ಮೂರು ಮನಸ್ಥಿತಿ. ಭಾವವನ್ನು ಎಷ್ಟೋ ಸಲ ಹೊರುವುದು ತಿಳಿ-ಗಾಢ ಮತ್ತು ತೀವ್ರತೆ. ಹೆಸರು ಬರೀ ಹೆಸರು.

ಬಣ್ಣವನ್ನೇ ಬಿಟ್ಟುಕೊಟ್ಟ ಚಿತ್ರವೂ ಇದೆ. ಅದೇ ಪಿಕಾಸೊ 1937ರಲ್ಲಿ ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದ ಮೇಲೆ ಬಿಡಿಸಿದ ಚಿತ್ರ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ ಇದೆ. ಅಷ್ಟು ದೊಡ್ಡ ಸಾವುನೋವಿನ ಚಿತ್ರದಲ್ಲಿ ಒಂದು ಹನಿ ಕೆಂಪಿಲ್ಲ. ಕಪ್ಪು, ಬಿಳಿ, ಬೂದು ಅಷ್ಟೇ. ರಕ್ತ ಬಿಡಿಸಿದ್ದರೆ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು. ಈಗ ಅದು ಒಂದು ಕಿರುಚುವ ಬಾಯಿಂದ ಇನ್ನೊಂದಕ್ಕೆ ಅಲೆಯುತ್ತದೆ.

3. ಪಕ್ಕದ ಬಣ್ಣವನ್ನು ಕೇಳಿ

ಬಣ್ಣ ಒಂಟಿಯಾಗಿ ಕಾಣುವುದೇ ಇಲ್ಲ. ಷೆವ್ರೂಲ್ ಅನ್ನುವ ರಸಾಯನ ವಿಜ್ಞಾನಿ ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಸರಿಯಾಗಿ ಕಪ್ಪಾಗಿ ಕಾಣುತ್ತಿಲ್ಲ ಅಂತ ದೂರು ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ತೊಂದರೆಯೇ ಇರಲಿಲ್ಲ. ನೀಲಿ, ನೇರಳೆ ನೂಲಿನ ಪಕ್ಕ ನೇಯ್ದಿದ್ದರಿಂದ ಕಪ್ಪು ಸಪ್ಪೆಯಾಗಿ ಕಾಣುತ್ತಿತ್ತು. ಇದರ ಮೇಲೆ ಆತ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ, ಮುಂದೆ ಚಿತ್ರಕಾರರು ಅದನ್ನು ಹುಡುಕಿಕೊಂಡು ಓದಿದರು.

ಕೈಯಾರೆ ಮಾಡಿ ನೋಡಿ. ಒಂದೇ ಬೂದು ಕಾಗದದಿಂದ ಎರಡು ಸಣ್ಣ ಚೌಕ ಕತ್ತರಿಸಿ. ಒಂದನ್ನು ಕಪ್ಪು ಹಾಳೆ ಮೇಲಿಡಿ, ಇನ್ನೊಂದನ್ನು ಬಿಳಿ ಹಾಳೆ ಮೇಲೆ. ಕಪ್ಪಿನ ಮೇಲಿರುವುದು ತಿಳಿಯಾಗಿ, ಬಿಳಿಯ ಮೇಲಿರುವುದು ಗಾಢವಾಗಿ ಕಾಣುತ್ತದೆ. ಎರಡೂ ಒಂದೇ ಕಾಗದ ಅಂತ ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ.

ಇದನ್ನು ಭಾವಕ್ಕೆ ಬಳಸಿದ ಗಟ್ಟಿ ಉದಾಹರಣೆ ವ್ಯಾನ್ ಗೋ 1888ರಲ್ಲಿ ಬಿಡಿಸಿದ ರಾತ್ರಿ ಕೆಫೆಯ ಚಿತ್ರ. ಗೋಡೆ ರಕ್ತಗೆಂಪು, ಮೇಲ್ಛಾವಣಿ ಹಸಿರು, ನಡುವಿನ ಬಿಲಿಯರ್ಡ್ಸ್ ಮೇಜು ಹಸಿರು, ನೆಲ ಹಳದಿ, ಮೇಲೆ ಉರಿಯುವ ನಾಲ್ಕು ದೀಪ. ಮನುಷ್ಯನ ಭಯಂಕರ ಉದ್ವೇಗಗಳನ್ನು ಕೆಂಪು ಮತ್ತು ಹಸಿರಿನಿಂದ ಹೇಳಲು ಹೊರಟಿದ್ದೇನೆ ಅಂತ ಆತನೇ ತಮ್ಮನಿಗೆ ಪತ್ರ ಬರೆದಿದ್ದ. ಗಮನಿಸಿ, ಕೆಂಪಿನಿಂದ ಅಂತ ಹೇಳಲಿಲ್ಲ, ಹಸಿರನ್ನೂ ಸೇರಿಸಿ ಹೇಳಿದ. ಪಟ್ಟಿಗಳಲ್ಲಿ ಹಸಿರು ಅಂದರೆ ತಂಪು, ನೆಮ್ಮದಿ. ಇಲ್ಲಿ ಅದೇ ಹಸಿರು ಕೆಂಪಿಗೆ ತಾಗಿಕೊಂಡು ಕೂತು ಕಣ್ಣಿಗೆ ನೆಮ್ಮದಿ ಕೊಡುತ್ತಿಲ್ಲ. ಕುಡಿದು ಮೇಜಿಗೆ ತಲೆಯಿಟ್ಟ ಜನ, ಮಧ್ಯರಾತ್ರಿ ದಾಟಿದ ಗಡಿಯಾರ ಇವೆಲ್ಲ ಆಮೇಲೆ ಕಾಣುತ್ತವೆ. ಹೊಟ್ಟೆ ತೊಳಸಿದ ಹಾಗಾಗುವುದು ಮೊದಲು.

4. ಕಾಲ, ದೇಶ, ಡಬ್ಬಿಯೊಳಗಿನ ಬಣ್ಣ

ಈಗ ಹಿನ್ನೆಲೆ ಓದಿ. ಒಂದು ಕಡೆ ಬಿಳಿ ಮದುವೆಗೆ, ಇನ್ನೊಂದು ಕಡೆ ಸಾವಿಗೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಒಂದೇ ದೇಶದ ಒಬ್ಬ ಲೇಖಕ ಕೂಡ ತನ್ನವರ ಒಪ್ಪಂದವನ್ನು ಮುರಿಯಬಹುದು. ಹರ್ಮನ್ ಮೆಲ್ವಿಲ್ ತನ್ನ 1851ರ ತಿಮಿಂಗಿಲದ ಕಾದಂಬರಿಯಲ್ಲಿ ಬಿಳಿ ಬಣ್ಣ ಯಾಕೆ ಅಷ್ಟು ದಿಗಿಲು ಹುಟ್ಟಿಸುತ್ತದೆ ಅನ್ನುವುದಕ್ಕೆಂದೇ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾನೆ. ಪವಿತ್ರ, ಶುದ್ಧ ಅನ್ನುವ ಅರ್ಥಗಳನ್ನೆಲ್ಲ ಮೊದಲು ಒಪ್ಪಿಕೊಂಡೇ ಆಮೇಲೆ ಅವುಗಳ ಅಡಿಯಲ್ಲಿರುವ ಭಯಕ್ಕೆ ಇಳಿಯುತ್ತಾನೆ.

ಬಣ್ಣದ ಬೆಲೆಯೂ ಅರ್ಥ ಕೊಡುತ್ತದೆ. ಯುರೋಪಿನ ಹಳೆಯ ಚಿತ್ರಗಳಲ್ಲಿ ಮೇರಿ ಮಾತೆಯ ಮೇಲುಡುಪಿನ ಗಾಢ ನೀಲಿ ಬಂದದ್ದು ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು. ತುಂಬಾ ದುಬಾರಿ ಬಣ್ಣ ಅದು. ಆ ನೀಲಿ ಭಕ್ತಿಯೂ ಹೌದು, ಹಣ ಕೊಟ್ಟವರ ಶಕ್ತಿಯೂ ಹೌದು. 1820ರ ದಶಕದಲ್ಲಿ ಕಾರ್ಖಾನೆಯಲ್ಲಿ ಅದೇ ನೀಲಿ ಮಾಡಲು ಕಲಿತ ಮೇಲೆ ಆ ಅರ್ಥದಲ್ಲಿ ಅರ್ಧ ಕಳಚಿತು.

ಎಚ್ಚರ, ಇದು ದೊಡ್ಡದು: ನೀವು ನೋಡುತ್ತಿರುವ ಬಣ್ಣ ಚಿತ್ರಕಾರ ಹಚ್ಚಿದ ಬಣ್ಣ ಆಗಿರಲೇಬೇಕು ಅಂತಿಲ್ಲ. ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರವನ್ನೂ 1888ರಲ್ಲೇ ಬಿಡಿಸಿದ. ಗೋಡೆ ತಿಳಿ ನೇರಳೆ ಅಂತ ಪತ್ರದಲ್ಲಿ ಬರೆದಿದ್ದಾನೆ. ಈಗ ನೋಡಿದರೆ ಗೋಡೆ ನೀಲಿ. ನೇರಳೆಗೆ ಬೆರೆಸಿದ್ದ ಕೆಂಪು ಬೆಳಕಿಗೆ ಮಾಸಿಹೋಗಿ ನೀಲಿ ಒಂದೇ ಉಳಿದಿದೆ. ಆ ನೀಲಿ ಗೋಡೆಯ ತಣ್ಣನೆಯ ಒಂಟಿತನದ ಬಗ್ಗೆ ಎರಡು ಪುಟ ವಿಮರ್ಶೆ ಬರೆದಿದ್ದೀರಾ? ಆತ ಆ ಚಿತ್ರದಿಂದ ತೋರಿಸಬೇಕೆಂದಿದ್ದು ವಿಶ್ರಾಂತಿಯನ್ನು, ಅದೂ ನೇರಳೆ ಗೋಡೆಯ ಕೋಣೆಯಲ್ಲಿ. ಫೋನಿನ ಪರದೆ ಇನ್ನಷ್ಟು ಸುಳ್ಳು ಸೇರಿಸುತ್ತದೆ. ಒಂದೇ ಚಿತ್ರವನ್ನು ಎರಡು ಮೂರು ಕಡೆ, ಸಾಧ್ಯವಾದರೆ ಅದನ್ನು ಇಟ್ಟಿರುವ ಮ್ಯೂಸಿಯಂನ ಜಾಲತಾಣದಲ್ಲೇ ನೋಡಿ.

5. ಪ್ರತೀಕ ಹೌದೋ ಅಲ್ವೋ ಪರೀಕ್ಷಿಸಿ

ಕತೆಯಲ್ಲಿ ಬರುವ ಪರದೆ ನೀಲಿ ಅಂದ ಕೂಡಲೇ ಅದು ನಾಯಕಿಯ ಖಿನ್ನತೆ ಅನ್ನಬೇಕಿಲ್ಲ. ಪರದೆ ಸುಮ್ನೆ ನೀಲಿ ಇರಬಹುದು. ಮೂರು ಪ್ರಶ್ನೆ ಕೇಳಿ. ಮತ್ತೆ ಬರುತ್ತದಾ? ಮುಖ್ಯ ಜಾಗದಲ್ಲಿ, ಅಂದರೆ ಶುರು, ತಿರುವು, ಕೊನೆ ಇಂಥ ಕಡೆ ಬರುತ್ತದಾ? ಬಂದಾಗಲೆಲ್ಲ ಏನಾದರೂ ಬದಲಾಗಿರುತ್ತದಾ? ಮೂರಕ್ಕೂ ಇಲ್ಲ ಅಂದರೆ ಬಿಟ್ಟುಬಿಡಿ. ಒಂದಕ್ಕೆ ಹೌದು ಅಂದರೆ ಪುಟದ ಸಂಖ್ಯೆ ಗುರುತು ಹಾಕಿಕೊಂಡು ಓದು ಮುಂದುವರಿಸಿ.

ಮೂರಕ್ಕೂ ಹೌದು ಅನ್ನುವ ಉದಾಹರಣೆ ಫಿಟ್ಜ್‌ಜೆರಾಲ್ಡ್‌ನ 1925ರ ಗ್ಯಾಟ್ಸ್‌ಬಿ ಕಾದಂಬರಿಯ ಹಸಿರು ದೀಪ. ಮೊದಲ ಅಧ್ಯಾಯದ ಕೊನೆಯಲ್ಲಿ ಗ್ಯಾಟ್ಸ್‌ಬಿ ಕತ್ತಲಲ್ಲಿ ನೀರಿನಾಚೆಯ ಆ ದೀಪದ ಕಡೆ ಕೈ ಚಾಚುತ್ತಾನೆ. ಅದು ಅವನು ಪ್ರೀತಿಸುವ ಡೇಸಿಯ ಮನೆಯ ದೋಣಿಕಟ್ಟೆಯ ದೀಪ. ನಡುವೆ ಡೇಸಿ ಪಕ್ಕದಲ್ಲೇ ಬಂದು ನಿಂತಾಗ, ಆ ದೀಪಕ್ಕಿದ್ದ ದೊಡ್ಡ ಅರ್ಥ ಈಗ ಹೋಯಿತೇನೋ ಅಂತ ಕತೆ ಹೇಳುವವನಿಗೆ ಅನಿಸುತ್ತದೆ. ಆಕೆ ಸಿಕ್ಕಳು, ದೀಪ ಬರೀ ದೀಪವಾಯಿತು. ಕೊನೆಯ ಪುಟದಲ್ಲಿ ಮತ್ತೆ ಬರುತ್ತದೆ, ಆ ಹೊತ್ತಿಗೆ ಗ್ಯಾಟ್ಸ್‌ಬಿ ಇಲ್ಲ. ದೀಪ ಅದೇ ಹಸಿರು. ಹಸಿರು ಅಂದರೆ ಆಸೆ ಅಂತ ಒಂದು ಸಾಲು ಬರೆದರೆ ಈ ಮೂರು ಮೆಟ್ಟಿಲೂ ಕಾಣದೆ ಹೋಗುತ್ತವೆ.

ನಾಲ್ಕನೇ ಪ್ರಶ್ನೆ ಒಂದಿದೆ, ನನಗೆ ಅದೇ ಇಷ್ಟ. ಕಟ್ಟಿಕೊಂಡ ನಿಯಮ ಎಲ್ಲಿ ಮುರಿಯುತ್ತದೆ? ಎಡ್ಗರ್ ಅಲನ್ ಪೋ 1842ರಲ್ಲಿ ಬರೆದ ಕೆಂಪು ಸಾವಿನ ಕತೆಯಲ್ಲಿ ರಾಜಕುಮಾರನೊಬ್ಬನ ಔತಣ ನಡೆಯುವ ಏಳು ಕೋಣೆಗಳಿವೆ. ನೀಲಿ, ಕೆನ್ನೇರಳೆ, ಹಸಿರು, ಕಿತ್ತಳೆ, ಬಿಳಿ, ನೇರಳೆ, ಒಂದೊಂದಕ್ಕೂ ಒಂದು ಬಣ್ಣ, ಕಿಟಕಿಯ ಗಾಜಿಗೂ ಅದೇ ಬಣ್ಣ. ಏಳನೆಯದು ಕಪ್ಪು. ಆದರೆ ಗಾಜು ಕಪ್ಪಲ್ಲ, ರಕ್ತಗೆಂಪು. ಆರು ಸಲ ಹೊಂದಿಸಿ ನಮಗೆ ರೂಢಿ ಮಾಡಿಸಿ, ಏಳನೆಯ ಸಲ ಹೊಂದಿಸುವುದಿಲ್ಲ. ಅತಿಥಿಗಳು ಆ ಕೋಣೆಗೆ ಕಾಲಿಡಲು ಹೆದರುತ್ತಾರೆ. ಓದುವ ನಮಗೂ ಯಾಕೋ ಸರಿ ಇಲ್ಲ ಅನಿಸುವುದು ಆ ಹೊಂದದ ಗಾಜಿನಿಂದ.

6. ನೀವು ಬರೆಯುವಾಗ

ಮೊದಲು ಭಾವದ ಹೆಸರಿಗೆ ಬಣ್ಣ ಹಚ್ಚುವುದನ್ನು ಬಿಡಿ. ತಂದೆ ತೀರಿಹೋದ ಮನೆಯ ಕತೆ ಅಂದುಕೊಳ್ಳಿ. ತುಂಬಾ ಜನ ಹೀಗೆ ಬರೆಯುತ್ತಾರೆ: "ಮನೆಯಲ್ಲಿ ಕಪ್ಪು ಮೌನ ಕವಿದಿತ್ತು. ಅವಳ ಎದೆಯಲ್ಲಿ ನೀಲಿ ನೋವು ಮಡುಗಟ್ಟಿತ್ತು." ಕೇಳಲು ಚೆನ್ನಾಗಿದೆ, ಕಣ್ಣಿಗೆ ಏನೂ ಕಾಣಲಿಲ್ಲ.

ಬಣ್ಣವನ್ನು ಒಂದು ವಸ್ತುವಿಗೆ ಕೊಡಿ. ಆ ಮನೆಯ ಟವೆಲ್‌ಗಳೆಲ್ಲ ಬಿಳಿ, ಅಪ್ಪನದೊಂದು ನೀಲಿ. ಮೊದಲ ಪುಟದಲ್ಲಿ ಅಪ್ಪ ತಲೆ ಒರೆಸಿಕೊಂಡು ಒದ್ದೆ ಟವೆಲ್ಲನ್ನು ಕುರ್ಚಿಗೆ ಎಸೆದು ಅಮ್ಮನ ಕೈಲಿ ಬೈಸಿಕೊಳ್ಳುತ್ತಾನೆ. ಮಧ್ಯದಲ್ಲೆಲ್ಲೋ ನೀಲಿ ಟವೆಲ್ ಬಾಗಿಲ ಹಿಂದಿನ ಮೊಳೆಯಲ್ಲಿ ಒಣಗಿ ಸೆಟೆದುಕೊಂಡಿದೆ, ಯಾರೂ ತೆಗೆದಿಲ್ಲ. ಕೊನೆಗೆ ಒಂದು ದಿನ ಬಕೆಟ್ ಉರುಳಿ ನೀರು ಚೆಲ್ಲುತ್ತದೆ, ಮಗಳು ಕೈಗೆ ಸಿಕ್ಕಿದ್ದನ್ನು ಎಳೆದು ನೆಲ ಒರೆಸಲು ಕೂರುತ್ತಾಳೆ. ಅರ್ಧ ಒರೆಸಿದ ಮೇಲೆ ಕೈಯಲ್ಲಿರುವುದು ಯಾವುದು ಅಂತ ನೋಡುತ್ತಾಳೆ. ಅಲ್ಲಿಗೆ ನಿಲ್ಲಿಸಿ. "ಅವಳಿಗೆ ಅಪ್ಪನ ನೆನಪಾಯಿತು" ಅಂತ ಸೇರಿಸಿದರೆ ಕೆಟ್ಟಿತು.

ಈಗ ಆ ಟವೆಲ್ಲನ್ನು ಹಸಿರು ಮಾಡಿ ನೋಡಿ. ಕತೆ ಅಷ್ಟೇ ಚೆನ್ನಾಗಿ ನಡೆಯುತ್ತದೆ! ನೀಲಿಗೂ ದುಃಖಕ್ಕೂ ಇಲ್ಲಿ ಸಂಬಂಧವೇ ಇರಲಿಲ್ಲ. ಉಳಿದವೆಲ್ಲ ಬಿಳಿ ಇರುವಾಗ ಅದೊಂದು ಬೇರೆ ಇತ್ತು, ಒಬ್ಬರದಾಗಿತ್ತು, ಮೂರು ಸಲ ಬಂತು, ಕೆಲಸ ಮಾಡಿದ್ದು ಅದು. ಇದನ್ನೂ ಬಿಳಿ ಮಾಡಿ, ಕತೆ ಕುಸಿಯುತ್ತದೆ.

ಇನ್ನು ಯಾರ ಕಣ್ಣು ಅನ್ನುವುದು. ಬಟ್ಟೆ ಹೊಲಿಯುವವಳು ಕೆಂಪನ್ನು ಬರೀ ಕೆಂಪು ಅನ್ನುವುದಿಲ್ಲ, ಅವಳಿಗೆ ಹತ್ತು ಕೆಂಪು ಗೊತ್ತು. ಹೆದರಿ ಓಡುತ್ತಿರುವವನಿಗೆ ಹೂವಿನ ಬಣ್ಣ ಕಾಣುವುದೇ ಇಲ್ಲ. ಪಾತ್ರಕ್ಕೆ ಆ ಹೊತ್ತಲ್ಲಿ ಕಾಣದ ಬಣ್ಣವನ್ನು ನೀವು ತುರುಕಿದರೆ ಓದುಗರಿಗೆ ಲೇಖಕ ಅಡ್ಡ ಬಂದ ಹಾಗಾಗುತ್ತದೆ.

ಎಚ್ಚರ: ಮುಖ ಕೆಂಪೇರಿತು, ಮುಖ ಕಪ್ಪಿಟ್ಟಿತು, ಮುಖ ಬಿಳಿಚಿಕೊಂಡಿತು. ತಪ್ಪೇನಿಲ್ಲ, ಮಾತಿನಲ್ಲಿ ಎಲ್ಲರೂ ಬಳಸುತ್ತೇವೆ. ಆದರೆ ಓದುವಾಗ ಯಾರಿಗೂ ಅಲ್ಲಿ ಬಣ್ಣ ಕಾಣುವುದಿಲ್ಲ. ಬೇಗ ದಾಟಿ ಹೋಗಬೇಕಾದ ಕಡೆ ಬಳಸಿ, ಕತೆಯ ತಿರುವಿನಲ್ಲಿ ಬೇಡ. ಇನ್ನೊಂದು, ಒಂದು ಸಣ್ಣ ಕತೆಗೆ ಒಂದು ಪ್ರತೀಕ ಸಾಕು. ಟವೆಲ್ ಜೊತೆಗೆ ಬಾಡಿದ ಹೂವು, ನಿಂತ ಗಡಿಯಾರ, ಕಾಗೆ ಎಲ್ಲ ಬಂದರೆ ಓದುಗ ಲೆಕ್ಕ ಹಾಕಲು ಶುರು ಮಾಡುತ್ತಾನೆ.

7. ನೀವು ಬಿಡಿಸುವಾಗ

ಮೊದಲು ಪೆನ್ಸಿಲ್‌ನಲ್ಲಿ ತಿಳಿ-ಗಾಢ ಮಾತ್ರ ಹಚ್ಚಿ ಅಂಗೈಯಗಲದ ಮೂರು ನಾಲ್ಕು ಕರಡು ಮಾಡಿ. ಅದರಲ್ಲೇ ಭಾವ ಹುಟ್ಟದಿದ್ದರೆ ಬಣ್ಣ ಬಂದು ಉಳಿಸುವುದು ಕಷ್ಟ. ಆಮೇಲೆ ಮೂರು ಬಣ್ಣಕ್ಕೆ ನಿಮ್ಮನ್ನು ಕಟ್ಟಿಹಾಕಿಕೊಳ್ಳಿ: ಹೆಚ್ಚು ಜಾಗಕ್ಕೆ ಒಂದು ಮಂಕು ಬಣ್ಣ, ಅದಕ್ಕೆ ಹತ್ತಿರದ ಇನ್ನೊಂದು, ಮತ್ತೆ ಒಂದೇ ಕಡೆ, ಸ್ವಲ್ಪವೇ, ತೀವ್ರವಾದದ್ದು. ಆ ಮೂರನೆಯದು ಎಲ್ಲಿ ಬೀಳಬೇಕು ಅನ್ನುವುದೇ ನಿಮ್ಮ ಚಿತ್ರದ ವಿಷಯ. ಮುಖಕ್ಕೆ ಹಚ್ಚಿದರೆ ಒಂದು ಚಿತ್ರ, ಖಾಲಿ ಕುರ್ಚಿಗೆ ಹಚ್ಚಿದರೆ ಬೇರೆಯೇ ಚಿತ್ರ.

ಎಚ್ಚರ: ದುಃಖದ ಚಿತ್ರ ಅಂತ ಎಲ್ಲದಕ್ಕೂ ಕಪ್ಪು ಬೆರೆಸಬೇಡಿ. ಬಣ್ಣ ಕೆಸರಾಗುತ್ತದೆ, ದುಃಖವಾಗುವುದಿಲ್ಲ. ಮಂಕು ಮಾಡಬೇಕಾದರೆ ಎದುರು ಬಣ್ಣವನ್ನು ಚೂರು ಬೆರೆಸಿ. ಎದುರು ಬಣ್ಣ ಅಂದರೆ ವರ್ಣಚಕ್ರದಲ್ಲಿ ನೇರ ಆಚೆ ಬದಿಗಿರುವುದು: ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ.

8. ವಿವರಿಸದೆ ತೋರಿಸಿ

ಮುಗಿದ ಮೇಲೆ ಇಬ್ಬರಿಗೆ ಕೊಡಿ. "ಇದರಲ್ಲಿ ನೀಲಿ ಏನನ್ನು ಹೇಳುತ್ತೆ ಗೊತ್ತಾಯ್ತಾ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಹುಡುಕಿ ಏನೋ ಒಂದು ಹೇಳಿಯೇ ಹೇಳುತ್ತಾರೆ. "ಏನು ನೆನಪಲ್ಲಿ ಉಳಿಯಿತು?" ಅಂತ ಮಾತ್ರ ಕೇಳಿ. ಕತೆಯ ಬಗ್ಗೆ ಮಾತಾಡುವಾಗ ಅವರಾಗಿಯೇ "ಆ ಟವೆಲ್" ಅಂದರೆ ಕೆಲಸ ಆಗಿದೆ. ಅರ್ಥ ನೀವು ಅಂದುಕೊಂಡದ್ದೇ ಆಗಬೇಕಿಲ್ಲ. ಟವೆಲ್ ಅವರ ಬಾಯಿಗೆ ಬರಲೇ ಇಲ್ಲ ಅಂದರೆ ಇನ್ನೊಂದು ಪ್ರತೀಕ ಸೇರಿಸಲು ಹೋಗಬೇಡಿ, ಇರುವುದನ್ನು ಮೊದಲ ಪುಟದಲ್ಲಿ ಇನ್ನೂ ಚೆನ್ನಾಗಿ ಕಾಣಿಸಿ.

ಚಿತ್ರ, ಪುಸ್ತಕದ ಮುಖಪುಟ ಮಾಡುವವರಿಗೆ ಇನ್ನೊಂದು ಮಾತು. ಕೆಂಪು-ಹಸಿರಿನ ನಡುವೆ ವ್ಯತ್ಯಾಸ ಗೊತ್ತಾಗದವರು, ಅದರಲ್ಲೂ ಗಂಡಸರಲ್ಲಿ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಹಸಿರು ಎಲೆಗಳ ನಡುವೆ ಒಂದೇ ಒಂದು ಕೆಂಪು ಹೂವು ಇಟ್ಟು ಎಲ್ಲ ಭಾರವನ್ನೂ ಅದರ ಮೇಲೆ ಹಾಕಿದ್ದರೆ ಅವರಿಗೆ ಹೂವು ಎಲೆಯಲ್ಲಿ ಕರಗಿಹೋಗಬಹುದು. ಹೂವನ್ನು ಎಲೆಗಿಂತ ಸಾಕಷ್ಟು ತಿಳಿ ಮಾಡಿ, ಇಲ್ಲವೇ ಗಾಢ ಮಾಡಿ, ಎರಡನೇ ಹಂತದ ಕಪ್ಪು-ಬಿಳುಪು ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿ, ಆಮೇಲೆ ಪ್ರಿಂಟಿಗೆ ಕೊಡಿ.